ಹಗಲಿನಲ್ಲಿ ಅಡಗುವ ಗ್ರಹ

ಎರಡು ಸಣ್ಣ ದೂರದರ್ಶಕಗಳಿಗೆ ಜಾಗ ಹುಡುಕುತ್ತಿದ್ದ ತಂಡದಲ್ಲಿ ನನ್ನ ಪಾಲಿಗೆ ಬಂದದ್ದು ಲೆಕ್ಕದ ಕೆಲಸ. ಹೊರಗ್ರಹವೊಂದು, ಅಂದರೆ ನಮ್ಮ ಸೌರವ್ಯೂಹದಾಚೆಯ ಗ್ರಹವೊಂದು, ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಕೊಂಚ ಕುಗ್ಗುತ್ತದಲ್ಲ, ಆ ಸಂಕ್ರಮಣವನ್ನು ಯಾವ ಜಾಗದಿಂದ ಎಷ್ಟು ಸಲ ಹಿಡಿಯಬಹುದು ಎಂದು ನೋಡಬೇಕಿತ್ತು. ಪಟ್ಟಿಯ ಮೊದಲಿಗಿದ್ದದ್ದು ಎತ್ತರದ, ಒಣಹವೆಯ, ಕಗ್ಗತ್ತಲಿನ ಬೆಟ್ಟ. ಎಲ್ಲರ ಒಲವೂ ಅದರ ಕಡೆಗೇ.

ಲೆಕ್ಕಕ್ಕೆ ಎಚ್‌ಡಿ 209458 ಬಿ ಗ್ರಹವನ್ನು ಆರಿಸಿಕೊಂಡೆ. ಸಂಕ್ರಮಣದಲ್ಲಿ ಮೊಟ್ಟಮೊದಲು ಕಂಡ ಹೊರಗ್ರಹ ಅದು, 1999ರಲ್ಲಿ. 3.52 ದಿನಕ್ಕೊಂದು ಸುತ್ತು, ಬೆಳಕು ಶೇ. 1.5ರಷ್ಟು, ಸುಮಾರು ಮೂರು ಗಂಟೆ ಕಾಲ ಕುಗ್ಗುತ್ತದೆ. ವೇಳೆಗಳನ್ನು ಒಂದರ ಕೆಳಗೊಂದು ಬರೆಯುತ್ತಾ ಹೋದೆ. ಒಂದು ಸಂಕ್ರಮಣ ನಡುರಾತ್ರಿಗೆ ಬಂದರೆ ಮುಂದಿನದು ಮಟಮಟ ಮಧ್ಯಾಹ್ನಕ್ಕೆ. ಅದರಾಚೆಯದು ಮತ್ತೆ ರಾತ್ರಿಗೆ, ಆದರೆ ಒಂದು ಗಂಟೆಗೂ ಹೆಚ್ಚು ತಡವಾಗಿ. ವಾರವಾರವೂ ಹೀಗೆ ಜಾರುತ್ತಾ ಕೊನೆಗೆ ಬೆಳಗಿನಲ್ಲಿ ಮರೆಯಾಗುತ್ತದೆ. ಅಷ್ಟರಲ್ಲಿ ಹಗಲಿನ ಸರದಿಯದು ಸಂಜೆಗತ್ತಲಿಗೆ ಬಂದಿರುತ್ತದೆ. ಅರ್ಧ ಕೈತಪ್ಪಿದರೂ ಗ್ರಹ ಸಿಕ್ಕೇ ಸಿಗುತ್ತದೆ.

ಆಮೇಲೆ ಅವಧಿಯನ್ನು ಸರಿಯಾಗಿ ಮೂರು ದಿನಕ್ಕೆ ಬದಲಿಸಿದೆ. ಮೊದಲ ಸಂಕ್ರಮಣ ಮಧ್ಯಾಹ್ನವಾದರೆ ಎರಡನೆಯದೂ ಮಧ್ಯಾಹ್ನ, ಹತ್ತನೆಯದೂ ಮಧ್ಯಾಹ್ನ. ಪುಟದ ತುಂಬ ಒಂದೇ ವೇಳೆ! ಆಕಾಶ ಎಷ್ಟೇ ನಿರ್ಮಲವಾಗಿರಲಿ, ಆ ಬೆಟ್ಟದಲ್ಲಿ ಕುಳಿತವರ ಪಾಲಿಗೆ ಅಂಥ ಗ್ರಹ ಇಲ್ಲವೇ ಇಲ್ಲ. ಆ ಪುಟ ನನ್ನನ್ನು ನಿಜಕ್ಕೂ ಕಲಕಿತು.

ಹ್ಯಾಟ್‌ಸೌತ್ ಎಂಬ ಹೊರಗ್ರಹ ಹುಡುಕಾಟದ ಯೋಜನೆಯವರು ಚಿಲಿ, ನಮೀಬಿಯಾ, ಆಸ್ಟ್ರೇಲಿಯಾ ಮೂರೂ ಕಡೆ ದೂರದರ್ಶಕಗಳನ್ನು ನಿಲ್ಲಿಸಿದ್ದು ಇದಕ್ಕಾಗಿಯೇ. ಒಂದೆಡೆ ಬೆಳಗಾದರೆ ಇನ್ನೊಂದೆಡೆ ರಾತ್ರಿ. ಅಂಟಾರ್ಕ್ಟಿಕಾದ ಡೋಮ್ ಸಿಯಲ್ಲಿರುವ ಆಸ್ಟೆಪ್ ದೂರದರ್ಶಕಕ್ಕಂತೂ ಚಳಿಗಾಲದ ದೀರ್ಘ ಇರುಳೇ ವರ. ಅಲ್ಲಿನ ಚಳಿ ಸೊನ್ನೆಗಿಂತ 60 ಡಿಗ್ರಿ ಕೆಳಗಿಳಿದರೂ.

ಬೆಟ್ಟದ ಗುಣಗಳನ್ನು ನಾನು ತಳ್ಳಿಹಾಕಲಿಲ್ಲ. ತಲೆಯ ಮೇಲಿನ ಗಾಳಿ ತೆಳುವಾದಷ್ಟೂ ನಕ್ಷತ್ರದ ಮಿನುಗು ತಗ್ಗುತ್ತದೆ. ಸಣ್ಣ ದೂರದರ್ಶಕಕ್ಕೆ ಅದು ದೊಡ್ಡ ಉಪಕಾರ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೇ ಹೆಚ್ಚಾಗಿ ಸೂಸುವ ಪುಟ್ಟ, ತಣ್ಣಗಿನ ಕೆಂಪು ಕುಬ್ಜ ನಕ್ಷತ್ರಗಳನ್ನು ನೋಡುವವರಿಗೆ ಒಣಹವೆ ಬೇಕೇ ಬೇಕು, ಏಕೆಂದರೆ ಗಾಳಿಯಲ್ಲಿನ ನೀರಾವಿ ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅದರ ಏರಿಳಿತ ಸಂಕ್ರಮಣದಂತೆಯೇ ಕಾಣಿಸಬಹುದು. ಆದರೆ ಜಾಗಗಳನ್ನು ತೂಗುವಾಗ ಬಿಂಬದ ಚೂಪಿಗೆ ನಾವು ಕೊಟ್ಟಿದ್ದ ಅಂಕ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಪ್ರಕಾಶಮಾನ ನಕ್ಷತ್ರಗಳ ಸಂಕ್ರಮಣವನ್ನು ಅಳೆಯುವವರು ಎಷ್ಟೋ ಸಲ ಬೇಕೆಂದೇ ಬಿಂಬವನ್ನು ಮಸುಕು ಮಾಡಿ ಬೆಳಕನ್ನು ಹೆಚ್ಚು ಪಿಕ್ಸೆಲ್‌ಗಳಿಗೆ ಹರಡುತ್ತಾರೆ.

ಸಂಜೆಯ ಸಭೆಯಲ್ಲಿ ಎರಡೂ ಪುಟಗಳನ್ನು ಮೇಜಿನ ಮೇಲೆ ಹರಡಿದೆ. ಒಂದೇ ಬೆಟ್ಟದಲ್ಲಿ ಎರಡು ದೂರದರ್ಶಕ ಇಡುವ ಬದಲು, ಎರಡನೆಯದನ್ನು ದೂರದ ರೇಖಾಂಶದಲ್ಲಿ, ಆಕಾಶ ತುಸು ಕಳಪೆಯಾದರೂ ಸರಿ, ಇಡೋಣ ಎಂದು ವಾದಿಸಿದೆ. ಚರ್ಚೆ ರಾತ್ರಿಯವರೆಗೂ ನಡೆಯಿತು. ಕೊನೆಗೆ ಜಾಗಗಳ ಪಟ್ಟಿಗೆ ರೇಖಾಂಶದ ಅಂಕಣವೊಂದು ಸೇರಿತು.