ನಾಲ್ಕನೇ ತಿಂಗಳಿಗೆ ಯಾರ ನಂಬರು?

ಬುಧವಾರ ಕಾರವಾರದ ಉದ್ಯೋಗ ಮೇಳದಲ್ಲಿ ಕೇಳಿದ ಭಾಷಣಗಳಲ್ಲಿ ಒಂದೂ ತಲೆಯಲ್ಲಿ ಉಳಿದಿಲ್ಲ. ಉಳಿದದ್ದು ಅಂಕೋಲೆ ಕಡೆಯ ತಾಯಿಯೊಬ್ಬಳ ಪ್ರಶ್ನೆ. ನಾನು ನಿವೃತ್ತ ಶಿಕ್ಷಕಿ. ಅರ್ಜಿ ತುಂಬಿಕೊಡಲು ಕರೆದಿದ್ದರೆಂದು ಹೋಗಿದ್ದೆ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆಕೆ ಕೇಳಿದಳು: "ಅಕ್ಕೋರೆ, ಕೆಲಸಕ್ಕೆ ಸೇರಿಸಿ ಮೂರು ತಿಂಗಳು ಈ ತರಬೇತಿಯವರು ನೋಡಿಕೊಳ್ಳುತ್ತಾರಂತೆ. ನಾಲ್ಕನೇ ತಿಂಗಳು ಯಾರಿಗೆ ಫೋನ್ ಮಾಡಬೇಕು?"

ಪಕ್ಕದ ಮೇಜಿನ ಯುವಕ "ಮೊದಲು ಆಧಾರ್ ಜೆರಾಕ್ಸ್ ಕೊಡಿ ಅಮ್ಮ" ಎಂದ. ಒಳ್ಳೆಯ ಹುಡುಗನೇ, ಆದರೆ ಅವನ ಅರ್ಜಿಯಲ್ಲಿ ಆ ಪ್ರಶ್ನೆಗೆ ಕಾಲಮ್ ಇರಲಿಲ್ಲ.

ಆಕೆಯ ಹಿರಿಮಗ ತರಬೇತಿ ಪಡೆದು ಬೆಂಗಳೂರಿಗೆ ಹೋಗಿದ್ದ. ಕೊಠಡಿ ಬಾಡಿಗೆ, ಊಟಕ್ಕೆ ಸಂಬಳ ಸಾಲದೆ ವಾಪಸಾದ. ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿರಲಿಲ್ಲ. ಈಗ ದಿನವೂ ಬಸ್ಸಿನಲ್ಲಿ ಗೋವಾಕ್ಕೆ ಕೂಲಿಗೆ ಹೋಗುತ್ತಾನೆ. ಕಡತದಲ್ಲಿ ಮಾತ್ರ ಇಂದಿಗೂ 'ಉದ್ಯೋಗ ಪಡೆದವರ' ಪಟ್ಟಿಯಲ್ಲಿರಬೇಕು.

ನಾಲ್ಕನೇ ತಿಂಗಳು! ರಾತ್ರಿ ಮಲಗಿದರೂ ಅದೇ ಮಾತು. 2014ರಲ್ಲಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ತರಬೇತಿ ಪಡೆದವರ ಪೈಕಿ ಶೇ 70ರಷ್ಟು ಮಂದಿಗಾದರೂ ಕೆಲಸ ಕೊಡಿಸಬೇಕು. ಮೂರು ತಿಂಗಳು ಕೆಲಸದಲ್ಲಿ ನಿಂತರೆ ಲೆಕ್ಕಕ್ಕೆ ಸೇರುತ್ತದೆ. ಆಮೇಲೂ ವಿಚಾರಿಸುತ್ತಿರಬೇಕೆಂದು ಕಾಗದದಲ್ಲಿದೆ, ಸರಿ. ಆದರೆ ವಿಚಾರಿಸಬೇಕಾದವನೇ ಗುತ್ತಿಗೆ ನೌಕರ. ಯೋಜನೆಯ ಅವಧಿ ಮುಗಿದರೆ ಅವನೂ ಉದ್ಯೋಗ ಮೇಳದ ಸಾಲಿನಲ್ಲಿ ನಿಲ್ಲಬೇಕು.

ಇದು ಹೊಸ ರೋಗವೂ ಅಲ್ಲ. ಪಿಯು ಕಾಲೇಜುಗಳಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳಿದ್ದವು, ಮುಚ್ಚಿದರು. ಈಗ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹೆಸರಿನಲ್ಲಿ ಆಟೊಮೊಬೈಲ್, ಐಟಿ ಕಲಿಸುತ್ತಾರೆ. ಕಲಿಸುವವರು ಏಜೆನ್ಸಿಯಿಂದ ಬಂದವರು, ಸಂಬಳ ಯಾವಾಗ ಬರುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಕಾರವಾರ ತಾಲ್ಲೂಕೊಂದರಲ್ಲೇ ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎರಡೂ ಇವೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಅಲ್ಲಿಗೆ ತಲುಪಿಸುವ ಐಟಿಐ, ಅಪ್ರೆಂಟಿಸ್‌ಶಿಪ್ಪಿನ ದಾರಿ ತಿಳಿಸಿ, ಐದಾರು ವರ್ಷ ಬೆನ್ನಿಗೆ ನಿಲ್ಲುವ ಒಬ್ಬ ಮನುಷ್ಯ ಪ್ರತಿ ತಾಲ್ಲೂಕಿಗೆ ಬೇಕು. ಇನ್ನೊಂದು ಆ್ಯಪ್ ಬೇಡ.

ಊಟದ ಹೊತ್ತಿಗೆ ಇದನ್ನೇ ಒಬ್ಬ ಅಧಿಕಾರಿಗೆ ಹೇಳಿದೆ. "ಒಳ್ಳೆಯ ಸಲಹೆ ಮೇಡಂ, ಆದರೆ ಅದಕ್ಕೆ ಹಣ ಕೊಡುವ ಲೆಕ್ಕಶೀರ್ಷಿಕೆ ಇಲ್ಲ" ಎಂದರು. ಶಾಲು, ಹಾರ, ಫ್ಲೆಕ್ಸಿಗೆ ಇದೆಯಲ್ಲ ಎಂದೆ. ನಕ್ಕು, "ಪಾಯಸ ಹಾಕಿಸಿಕೊಳ್ಳಿ" ಎಂದರು. ನಾನು ಬೇಡವೆಂದೆ.