ಹೊಟ್ಟೆಯ ಕೊಬ್ಬು, ಮೊಣಕಾಲಿನ ಚಿಪ್ಪು

"ಹೊಟ್ಟೆಯ ಕೊಬ್ಬು ತೆಗೆದು ಮೊಣಗಂಟಿಗೆ ಇಂಜೆಕ್ಷನ್ ಕೊಡ್ತಾರಂತೆ, ನೀವು ಯಾಕೆ ಮಾಡಿಸ್ಲಿಲ್ಲ?" ಕಾಸರಗೋಡು ಜಿಲ್ಲೆಯ ಪೆರ್ಲದ ಪೇಟೆಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಯಕ್ಷಗಾನದ ಚೌಕಿಯಲ್ಲಿ, ಎಲ್ಲ ಕಡೆಯೂ ನನಗೆ ಇದೇ ಪ್ರಶ್ನೆ. ನಮ್ಮ ಮಹಿಳಾ ತಂಡದಲ್ಲಿ ಮೊಣಗಂಟು ಹಿಡಿದುಕೊಂಡು ಕೂರುವವರು ಬೇರೆಯವರೂ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತೊಂದರೆಗೆ ಡಾಕ್ಟರು ಹೇಳಿದ ಹೆಸರು ಕಾಂಡ್ರೋಮಲೇಶಿಯಾ. ಮೊಣಕಾಲ ಚಿಪ್ಪಿನ ಒಳಮೈಯಲ್ಲಿರುವ ಕಾರ್ಟಿಲೇಜ್ ಎಂಬ ನುಣುಪು ಪದರ ಮೆತ್ತಗಾಗಿ, ಬಿರಿದು, ಸವೆಯುವುದು. ಎಂಆರ್‌ಐ ರಿಪೋರ್ಟಿನಲ್ಲಿ ಗ್ರೇಡ್ 3 ಅಂತ ಇತ್ತು. ಗ್ರೇಡ್ 4 ಅಂದರೆ ಅಡಿಯ ಎಲುಬೇ ಬಯಲಾಗಿರುತ್ತದೆ. ನಮ್ಮ ಮನೆ ಗುಡ್ಡೆಯ ಮೇಲೆ, ಅಡಿಕೆ ತೋಟ ಕೆಳಗೆ, ನಡುವೆ ಮುರಕಲ್ಲಿನ ಮೆಟ್ಟಿಲು. ಹತ್ತುವಾಗ ಹೇಗೋ ಆಗುತ್ತದೆ, ಇಳಿಯುವಾಗ ಪ್ರಾಣ ಹೋದ ಹಾಗೆ. ಮೆಟ್ಟಿಲಿಳಿಯುವಾಗ ಚಿಪ್ಪಿನ ಹಿಂದೆ ಮೈತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದೆ. ಕುಕ್ಕರುಗಾಲಲ್ಲಿ ಕೂತರೆ ಇನ್ನೂ ಜಾಸ್ತಿ. ವೇಷ ಕಟ್ಟಿ, ಗೆಜ್ಜೆ ಕಟ್ಟಿ, ಹಾರಿ ಸುತ್ತುವ ಧೀಂಗಿಣ ಹಾಕಿದರೆ ಆ ಚಿಪ್ಪಿನ ಗತಿ ಏನಾದೀತು ಅಂತ ನೀವೇ ಯೋಚಿಸಿ.

ಅಮ್ಮ ದಿನಾ ಕೊಟ್ಟಂಚುಕ್ಕಾದಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದರು. ಹಿತವಾಗುತ್ತಿತ್ತು.

ಕಾರ್ಟಿಲೇಜಿಗೆ ರಕ್ತನಾಳ ಇಲ್ಲ. ಚರ್ಮ ಕೊಯ್ದರೆ ರಕ್ತ ಬಂದು ಗಾಯ ಮಾಯುತ್ತದೆ, ಇಲ್ಲಿ ಅದು ನಡೆಯುವುದಿಲ್ಲ. ಕಾರ್ಟಿಲೇಜ್ ಹಾಳಾದರೆ ಮತ್ತೆ ಬರುವುದಿಲ್ಲ ಎಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಕಾರ್ಟಿಲೇಜಿಗೆ ನರವೂ ಇಲ್ಲ. ಹಾಗಾದರೆ ನೋವು ಎಲ್ಲಿಂದ? ಅಡಿಯ ಎಲುಬಿನಿಂದ, ಗಂಟಿನ ಒಳಪದರದಿಂದ, ಚಿಪ್ಪಿನ ಕೆಳಗಿರುವ ಕೊಬ್ಬಿನ ಮೆತ್ತೆಯಿಂದ. ರಿಪೋರ್ಟಿನಲ್ಲಿ ಗ್ರೇಡ್ 3 ಇದ್ದೂ ನೋವಿಲ್ಲದೆ ಓಡಾಡುವವರು ಇದ್ದಾರೆ. ಇದು ತಿಳಿದ ಮೇಲೆ ನನ್ನ ಅರ್ಧ ಹೆದರಿಕೆ ಹೋಯಿತು. ಸವೆತ ಬೇರೆ, ನೋವು ಬೇರೆ.

ಇನ್ನು ಆ ಇಂಜೆಕ್ಷನ್. ಹೊಟ್ಟೆಗೆ ಮರಗಟ್ಟಿಸುವ ದ್ರವ ಬಿಟ್ಟು, ತೆಳು ನಳಿಕೆಯಿಂದ ಕೊಬ್ಬು ಹೀರುತ್ತಾರೆ. ಕೊಲಾಜಿನೇಸ್ ಎಂಬ ಕಿಣ್ವ ಹಾಕಿ ಅದನ್ನು ಬಿಡಿಸುತ್ತಾರೆ. ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಎಣ್ಣೆ ಮೇಲೆ ನಿಲ್ಲುತ್ತದೆ, ಜೀವಕೋಶಗಳು ತಳಕ್ಕೆ ಇಳಿಯುತ್ತವೆ. ಆ ತಳದ ಭಾಗವನ್ನು ಮೊಣಗಂಟಿಗೆ ಚುಚ್ಚುವುದು. ಕೆಲವೇ ಗಂಟೆಗಳ ಕೆಲಸ. ಅದರಲ್ಲಿರುವುದೆಲ್ಲ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಅಲ್ಲ. ರಕ್ತನಾಳದ ಕೋಶ, ರೋಗನಿರೋಧಕ ಕೋಶ ಎಲ್ಲ ಸೇರಿದ ಮಿಶ್ರಣ, ಕಾಂಡಕೋಶ ಅದರಲ್ಲಿ ಒಂದು ಪಾಲು ಮಾತ್ರ. ಕೊಬ್ಬಿನಲ್ಲಿ ಇಂಥ ಕೋಶಗಳಿವೆ ಎಂದು 2001ರಲ್ಲಿ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು ತೋರಿಸಿದಾಗ, ಅವೇ ಹೊಸ ಕಾರ್ಟಿಲೇಜ್ ಆಗಬಹುದು ಎಂಬ ಆಸೆ ಹುಟ್ಟಿತು. ಈಗ ಹೆಚ್ಚಿನ ಸಂಶೋಧಕರು ಹೇಳುವುದು ಬೇರೆ. ಕೋಶಗಳು ಬಿಡುವ ರಾಸಾಯನಿಕಗಳು ಉರಿಯೂತ ಇಳಿಸುತ್ತವೆ, ಸಿಗುವ ಆರಾಮ ಅದರಿಂದ ಇರಬಹುದು ಅಂತ.

ಚಿಪ್ಪಿನ ಸವೆತಕ್ಕೇ ಇದನ್ನು ಬಳಸಿದ ವರದಿ 2013ರಲ್ಲಿ ಕೊರಿಯಾದಿಂದ ಬಂತು. ನೋವು ಬಹಳ ಇಳಿದಿತ್ತು, ಎಂಆರ್‌ಐಯಲ್ಲಿಯೂ ಸುಧಾರಣೆ ಕಂಡಿತ್ತು. ಆದರೆ ರೋಗಿಗಳು ಮೂವರೇ. ಕೊಬ್ಬಿನ ಕೋಶದ ಜೊತೆಗೆ ರಕ್ತದಿಂದ ತೆಗೆದ ಪಿಆರ್‌ಪಿ, ಗಂಟಿಗೆ ಜಾರಿಕೆ ಕೊಡುವ ಹಯಲುರಾನಿಕ್ ಆಸಿಡ್ ಕೂಡ ಕೊಟ್ಟಿದ್ದರು. ಯಾವುದು ಕೆಲಸ ಮಾಡಿತು ಅಂತ ಹೇಗೆ ಹೇಳುವುದು? ನಂತರ 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ದೊಡ್ಡ ಪ್ರಯೋಗವೊಂದು ಬಂತು. ಅಮೆರಿಕದಲ್ಲಿ ಮೊಣಗಂಟು ಸವೆದ 475 ಜನ. ಕೆಲವರಿಗೆ ಕೊಬ್ಬಿನ ಕೋಶ, ಕೆಲವರಿಗೆ ಎಲುಬಿನ ಮಜ್ಜೆಯದು, ಕೆಲವರಿಗೆ ಹೊಕ್ಕುಳಬಳ್ಳಿಯದು, ಉಳಿದವರಿಗೆ ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್. ಒಂದು ವರ್ಷದ ಮೇಲೆ ನೋಡಿದರೆ ಯಾವ ಕೋಶವೂ ಸ್ಟೀರಾಯ್ಡಿಗಿಂತ ಮೇಲು ಅನಿಸಲಿಲ್ಲ. ಅದು ಗಂಟುವಾತದ ಪ್ರಯೋಗ, ಚಿಪ್ಪಿನದ್ದೇ ಅಲ್ಲ, ನಿಜ. ಆದರೂ ಲಕ್ಷಗಟ್ಟಲೆ ಕೊಡುವ ಮೊದಲು ನಿಂತು ಯೋಚಿಸಲು ನನಗೆ ಅಷ್ಟು ಸಾಕಾಯಿತು.

ನಾನು ಕೇಳಿಕೊಂಡು ಹೋದ ಕ್ಲಿನಿಕ್ ತಲಪಾಡಿ ಗಡಿಯಾಚೆ, ಕರ್ನಾಟಕದಲ್ಲಿ. "ಇದು ಸಿಟಿಆರ್‌ಐಯಲ್ಲಿ ನೋಂದಾಯಿಸಿದ ಪ್ರಯೋಗವಾ?" ಅಂತ ಕೇಳಿದೆ. ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ ಅದು. ಉತ್ತರದ ಬದಲು ಪ್ಯಾಕೇಜಿನ ಚೀಟಿ ಬಂತು. ಸಿಟ್ಟು ಬಂತು ನನಗೆ. ನೋವಿನಲ್ಲಿರುವವರಿಗೆ ಆಸೆ ಮಾರುವುದು ಸಣ್ಣ ವಿಷಯ ಅಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಒಪ್ಪಿಗೆ ಸಿಗದ ಕಾಂಡಕೋಶ ಚಿಕಿತ್ಸೆಯನ್ನು ಕ್ಲಿನಿಕಲ್ ಟ್ರಯಲ್ ಹೊರಗೆ ಕೊಡಬಾರದು. ಬೆಂಗಳೂರಿನ ಸ್ಟೆಂಪ್ಯೂಸೆಲ್ ಎಂಬ ಕಾಂಡಕೋಶ ಔಷಧಕ್ಕೆ 2022ರಲ್ಲಿ ಮೊಣಗಂಟಿನ ಸವೆತಕ್ಕೆ ಒಪ್ಪಿಗೆ ಸಿಕ್ಕಿದೆಯಲ್ವಾ ಎನ್ನುವವರಿದ್ದಾರೆ. ಸಿಕ್ಕಿದೆ. ಆದರೆ ಅದು ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶ, ನಮ್ಮ ಹೊಟ್ಟೆಯ ಕೊಬ್ಬಿನದಲ್ಲ. ಅಮೆರಿಕದಲ್ಲೂ 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಕೊಬ್ಬಿನ ಕೋಶಗಳ ಈ ಮಿಶ್ರಣ ಔಷಧವೇ, ಔಷಧದ ಕಾನೂನಿಗೆ ಒಳಪಡಬೇಕು ಎಂದಿತು.

ನಾನು ಈಗ ಮಾಡುತ್ತಿರುವುದು ವ್ಯಾಯಾಮ. ಫಿಸಿಯೋ ಕಾಸರಗೋಡಿನವರು. ತೊಡೆಯ ಮುಂಭಾಗ ಮಾತ್ರ ಅಲ್ಲ, ಸೊಂಟದ ಬದಿಯ ಸ್ನಾಯುವೂ ಗಟ್ಟಿಯಾಗಬೇಕು ಅಂದರು. ಅದು ಸೋತರೆ ತೊಡೆ ಒಳಕ್ಕೆ ತಿರುಗಿ, ಚಿಪ್ಪು ಹೊರಗಿನ ಅಂಚಿಗೆ ಉಜ್ಜುತ್ತದಂತೆ. ಮಗ್ಗುಲಲ್ಲಿ ಮಲಗಿ ಕಾಲೆತ್ತುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಸಣ್ಣ ಮೆಟ್ಟಿಲಿಂದ ನಿಧಾನ ಇಳಿಯುವುದು. ಅವರು ಕೊಟ್ಟ ಮಲಯಾಳದ ಹಾಳೆಯನ್ನು ಕನ್ನಡದಲ್ಲಿ ಬರೆದು ತಂಡದವರಿಗೆ ಹಂಚಿದ್ದೇನೆ. ನೋವು ಪೂರ್ತಿ ಹೋಗಿಲ್ಲ. ತೋಟಕ್ಕೆ ಹೋಗಿ ಬರುತ್ತೇನೆ, ಕುಣಿಯುತ್ತೇನೆ. ಧೀಂಗಿಣ ಸದ್ಯಕ್ಕಿಲ್ಲ, ಅದರ ಬೇಸರ ಇದೆ.

ಮಂಗಳೂರಲ್ಲೋ ಕೋಯಿಕ್ಕೋಡಲ್ಲೋ ಚಿಪ್ಪಿನ ಸವೆತಕ್ಕೆ ನೋಂದಾಯಿತ ಪ್ರಯೋಗ ಶುರುವಾದರೆ, ರೋಗಿಯ ಕೈಯಿಂದ ಹಣ ಕೇಳದಿದ್ದರೆ, ಹೆಸರು ಕೊಡುವವರಲ್ಲಿ ನಾನೂ ಇರುತ್ತೇನೆ. ಸಿಟಿಆರ್‌ಐ ಜಾಲತಾಣವನ್ನು ಯಾರು ಬೇಕಾದರೂ ನೋಡಬಹುದು. ಆಗಾಗ ಹುಡುಕುತ್ತಾ ಇರುತ್ತೇನೆ, ಸಿಕ್ಕಿದರೆ ಇಲ್ಲೇ ಬರೆಯುತ್ತೇನೆ.