ಷರಾ ಇಲ್ಲ

ಅಮ್ಮನಿಗೆ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು ಬರುತ್ತಿತ್ತು. ಒಂದು ಶನಿವಾರ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆವು. ಸಂಜೆ ರಿಪೋರ್ಟ್ ಬಂತು. ಡಾಕ್ಟರ್ ಸಿಗುವುದು ಸೋಮವಾರ. ನಾವೇ ಓದಲು ಕೂತೆವು.

ಲಿವರ್ ಮುಂದೆ 'ನಾರ್ಮಲ್' ಎಂದಿತ್ತು. ಕಿಡ್ನಿ ಮುಂದೆ 'ಗ್ರಾಸ್ಲಿ ನಾರ್ಮಲ್'. ಪ್ಯಾಂಕ್ರಿಯಾಸ್ ಮುಂದೆ 'ಅನ್‌ರಿಮಾರ್ಕಬಲ್'. ನನ್ನ ಕಣ್ಣು ಅಲ್ಲೇ ನಿಂತಿತು. ರಿಮಾರ್ಕಬಲ್ ಅಂದರೆ ಬಹಳ ಚೆನ್ನಾಗಿರುವುದು, ಶಾಲೆಯಲ್ಲಿ ಕಲಿತದ್ದು ಹಾಗೇ. ಅದಕ್ಕೆ 'ಅನ್' ಸೇರಿದರೆ ಚೆನ್ನಾಗಿಲ್ಲ ಅಂತ ತಾನೇ? ಸರಿಯಾಗಿದ್ದಿದ್ದರೆ ಇದಕ್ಕೂ ನಾರ್ಮಲ್ ಎಂದೇ ಬರೆಯುತ್ತಿದ್ದರು, ಅಲ್ವಾ? 'ಗ್ರಾಸ್' ಅನ್ನುವುದನ್ನು ನಾನು ಕಂಡಿದ್ದು ಪತ್ರಿಕೆಗಳಲ್ಲಿ, ದೊಡ್ಡ ತಪ್ಪುಗಳ ಸುದ್ದಿಯಲ್ಲಿ.

ನಮ್ಮ ಸೋದರಮಾವ ತೀರಿಕೊಂಡದ್ದು ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಿಂದ. ನಾನು ಆ ಮಾತು ಎತ್ತಲಿಲ್ಲ. ಅಮ್ಮನೇ ಕೇಳಿದಳು, "ಅಣ್ಣನಿಗೆ ಆಗಿದ್ದೇನಾ?"

ಡಿಕ್ಷನರಿ ತೆಗೆದೆ. 'ಸಾಧಾರಣ' ಎಂಬ ಅರ್ಥ ಕೊಟ್ಟಿತ್ತು. ಸಾಧಾರಣ ಅಂದರೆ ಸುಮಾರು ಅಂತಲೇ ನಮಗೆ ಅನಿಸಿತು. ಭಾನುವಾರ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಸೋಮವಾರ ಡಾಕ್ಟರ್ ಹಾಳೆ ನೋಡಿದರು. ನಾನು ಮೊದಲು ಕೇಳಿದ್ದೇ ಆ ಪದ. "ಬರೆದು ಹೇಳುವಂಥದ್ದು ಅಲ್ಲಿ ಏನೂ ಕಾಣಲಿಲ್ಲ ಅಂತ. ಒಳ್ಳೇದೇ ಅದು," ಅಂದರು. ಗ್ರಾಸ್ಲಿ ಅಂದರೆ ಮೇಲ್ನೋಟಕ್ಕೆ ಕಂಡ ಮಟ್ಟಿಗೆ, ಅಷ್ಟೆ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಟ್ಟನೆ ಅಂದರು, "ಅಂದ್ರೆ ಷರಾ ಇಲ್ಲ ಅಂತ!" ಅವರ ರಿಜಿಸ್ಟರ್‌ಗಳಲ್ಲಿ ಕೊನೆಯ ಕಾಲಂ ಷರಾ. ಇಂಗ್ಲಿಷಿನಲ್ಲಿ ರಿಮಾರ್ಕ್ಸ್. ಎಲ್ಲ ಸರಿಯಿದ್ದರೆ ಅದು ಖಾಲಿ. ಏನಾದರೂ ಎಡವಟ್ಟಿದ್ದರೆ ಮಾತ್ರ ಅಲ್ಲಿ ಬರಹ. ನನ್ನ ಡಿಕ್ಷನರಿ ಕೊಡದ ಅರ್ಥ ಅಪ್ಪನ ಹಳೇ ರಿಜಿಸ್ಟರ್‌ನಲ್ಲಿತ್ತು.

ನಿಜವಾದ ತೊಂದರೆ ಇದ್ದದ್ದು ಕೊನೆಯಲ್ಲಿ, 'ಇಂಪ್ರೆಶನ್' ಎಂಬ ಶೀರ್ಷಿಕೆಯ ಕೆಳಗೆ. 'ಕೋಲಿಲಿಥಿಯಾಸಿಸ್'. ಓದಲು ಬಾರದೆ ನಾವು ದಾಟಿಹೋಗಿದ್ದ ಪದ. ಗ್ರೀಕ್‌ನಲ್ಲಿ ಕೋಲೆ ಅಂದರೆ ಪಿತ್ತ, ಲಿಥೋಸ್ ಅಂದರೆ ಕಲ್ಲು. ಪಿತ್ತಕೋಶದಲ್ಲಿ ಕಲ್ಲು. ಅದೇ ಊಟವಾದ ಮೇಲಿನ ನೋವು. ಆಪರೇಷನ್ ಬೇಕಾಗಬಹುದು, ಆದರೆ ಹೆದರುವಂಥದ್ದಲ್ಲ ಎಂದರು ಡಾಕ್ಟರ್.

ಸ್ಕ್ಯಾನ್ ನೋಡುವ ಡಾಕ್ಟರ್, ಅಂದರೆ ರೇಡಿಯಾಲಜಿಸ್ಟ್, ಬರೆಯುವುದು ಇನ್ನೊಬ್ಬ ಡಾಕ್ಟರಿಗೆ. ಕವರ್ ಬರುವುದು ಮಾತ್ರ ನಮ್ಮ ಕೈಗೆ. ಎರಡು ಸಾಲು ಕನ್ನಡ ಕೆಳಗೆ ಇದ್ದಿದ್ದರೆ ಆ ಎರಡು ರಾತ್ರಿ ನಾವು ನಿದ್ದೆ ಮಾಡುತ್ತಿದ್ದೆವು. ಹೇಳುವವರಿದ್ದರೆ ಜನ ಬೇಗ ಕಲಿಯುತ್ತಾರೆ. 2020ರಲ್ಲಿ ಕೊರೊನಾ ಬಂದಾಗ 'ನೆಗೆಟಿವ್' ಬಂದರೆ ಒಳ್ಳೇದು ಅಂತ ನಮ್ಮ ಬೀದಿಯ ಅಜ್ಜಿಯರಿಗೂ ಗೊತ್ತಾಗಿತ್ತು.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ಅಮ್ಮ ಚಿಕ್ಕಮ್ಮನಿಗೆ ಫೋನ್ ಹಚ್ಚಿದಳು. "ಅಣ್ಣಂದು ಅಲ್ವಂತೆ ಕಣೇ. ಷರಾ ಇಲ್ವಂತೆ. ಬರೀ ಕಲ್ಲಂತೆ." ಅಷ್ಟು ಹೇಳುವಷ್ಟರಲ್ಲಿ ಅವಳ ಗಂಟಲು ಕಟ್ಟಿತು. ಫೋನ್ ನನ್ನ ಕೈಗೆ ಕೊಟ್ಟಳು.